ಡೇರೆ ಇಲ್ಲದ ಒಲೆಯ ಹೊಗೆ

ಯಂಜ್ಮಾ ಹಟ ಹಿಡಿದರೆ ಉಡದ ಪಟ್ಟು. ಅದಕ್ಕೆ ಸಾಕ್ಷಿ ಬೇಕೆಂದರೆ ಕುರಿ, ಒಂಟೆ ಕಟ್ಟಿಕೊಂಡು ಅಲೆಯುವ ನಮ್ಮ ಕಣಿವೆಯ ಜನ ಈಗಲೂ ಆ ಹೊಗೆಯ ಮಾತೆತ್ತುತ್ತಾರೆ.

ಅವಳ ಚೊಚ್ಚಲ ಮಗಳು ದಡಾರಕ್ಕೆ ಬಲಿಯಾಗಿದ್ದಳು. ಸೂಜಿ ಹಾಕಿಸುವ ಹೊತ್ತಿಗೆ ಬಿಡಾರ ದೂರದ ಹುಲ್ಲುಗಾವಲಿಗೆ ಎದ್ದಿತ್ತು. ವೈದ್ಯೆ ಬಂದು ಬರೀ ನೆಲ ನೋಡಿಕೊಂಡು ತಿರುಗಿಹೋಗಿದ್ದಳು. ಆಮೇಲೆ ಹುಟ್ಟಿದವನು ಪುರೆವ್. ಇವನಿಗೆ ಒಂದು ಸೂಜಿಯೂ ತಪ್ಪಬಾರದು ಎಂದು ಯಂಜ್ಮಾ ಮಗಳ ನೆನಪಿನಲ್ಲೇ ಆಣೆಯಿಟ್ಟಿದ್ದಳು.

ಪುರೆವ್‌ಗೆ ಎರಡು ತುಂಬಿದ ಶರತ್ಕಾಲ. ಕೊನೆಯ ಸೂಜಿ ಬಾಕಿ. ವೈದ್ಯೆ ಒಟ್ಗೊನ್ ಬರುತ್ತೇನೆಂದ ದಿನವೇ ಬಿಡಾರ ಕೀಳಲು ಲಾಮಾ ಮುಹೂರ್ತವಿಟ್ಟುಕೊಟ್ಟರು. ಲಾಮಾ ಕೊಟ್ಟ ದಿನವನ್ನು ದಾಟುವಂತಿಲ್ಲ. ಚಳಿಗಾಲದ ಜಾಗಕ್ಕೆ ವೈದ್ಯೆ ವಸಂತದವರೆಗೆ ಸುಳಿಯುವುದಿಲ್ಲ.

"ಕುರಿಮರಿ ಏನು ಸೂಜಿ ಕೇಳ್ಕೊಂಡು ಬೆಳೀತದಾ?" ಎಂದು ಅತ್ತೆ ದೆನ್ಸ್ಮಾ ಮೂದಲಿಸಿದಳು.

"ಕುರಿಗಳಿಗೆ ವರ್ಷಾವರ್ಷ ತಪ್ಪದೆ ಹಾಕಿಸ್ತೀರಲ್ಲ ಅತ್ತೆ. ಮೊಮ್ಮಗ ಕುರಿಗಿಂತ ಕಡಿಮೆನಾ?"

ಮುಹೂರ್ತದ ದಿನ ಬಂತು. ಬೆಳಿಗ್ಗೆ ಡೇರೆ ಬಿಚ್ಚಿ ಒಂಟೆಗಳ ಮೇಲೆ ಹೇರಿದ್ದಾಯಿತು. ಯಂಜ್ಮಾ ಎಲ್ಲ ಕೆಲಸಕ್ಕೂ ಕೈಹಾಕಿದಳು, ಹೊರಡಲು ಮಾತ್ರ ಒಪ್ಪಲಿಲ್ಲ. ಬಿಟ್ಟುಹೋಗುವ ಒಲೆಯನ್ನು ತಣ್ಣಗೆ ಮಾಡಿ ಬೂದಿ ಮುಚ್ಚುವುದು ನಮ್ಮ ಪದ್ಧತಿ. ಉರಿಯುವ ಒಲೆ ಬಿಟ್ಟು ಎದ್ದರೆ ಮನೆತನಕ್ಕೇ ಕೇಡು. ಅಂಥದ್ದರಲ್ಲಿ ಇವಳು ಬಟ್ಟಬಯಲಲ್ಲಿ, ಡೇರೆ ಇದ್ದ ಗುಂಡು ಗುರುತಿನ ನಡುವೆ, ಒಣ ಸಗಣಿ ಒಟ್ಟಿ ಬೆಂಕಿ ಹಚ್ಚಿ ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅತ್ತೆ ಶಪಿಸುತ್ತಲೇ ಒಂಟೆಯೇರಿದಳು. ಗಂಡ ಅವಳಿಗೆಂದು ಒಂದು ಕುದುರೆ ಬಿಟ್ಟು ಹೋದ.

ಮಧ್ಯಾಹ್ನ ಒಟ್ಗೊನ್ ಗುಡ್ಡದ ಮೇಲೆ ಬೈಕ್ ನಿಲ್ಲಿಸಿ ನೋಡಿದಳು. ಒಂದೂ ಡೇರೆಯಿಲ್ಲ. ಬೈಕ್ ತಿರುಗಿಸುವಷ್ಟರಲ್ಲಿ ಹೊಗೆ ಕಂಡಿತು. ಬಿಟ್ಟ ಜಾಗದಲ್ಲಿ ಯಾರೂ ಬೆಂಕಿ ಉಳಿಸುವುದಿಲ್ಲವೆಂದು ಗೊತ್ತಿದ್ದವಳಾದ್ದರಿಂದ ಇಳಿದು ಬಂದಳು. ಪುರೆವ್ ಸೂಜಿಗೆ ಕಣಿವೆ ಕೇಳುವಂತೆ ಅತ್ತ. ಯಂಜ್ಮಾ ಮಾತ್ರ ಮದುವಣಗಿತ್ತಿಯ ಹಾಗೆ ನಗುತ್ತಾ ಬೂದಿ ಮುಚ್ಚಿ ಕುದುರೆ ಹತ್ತಿದಳು.

ಮರುವರ್ಷ ಬಿಡಾರ ಕೀಳುವಾಗ ಇನ್ನೂ ಕೆಲವು ತಾಯಂದಿರ ಒಲೆಗಳು ಬಯಲಲ್ಲಿ ಹೊಗೆಯಾಡಿದವು.

ಆಮೇಲೆ ಯಂಜ್ಮಾಗೆ ಮಗಳು ಹುಟ್ಟಿದಳು. ಆ ಮಗುವಿನ ಕೊನೆಯ ಸೂಜಿಯೂ ಬಿಡಾರ ಕೀಳುವ ದಿನಕ್ಕೇ ಬಂತು. ಯಂಜ್ಮಾ ಸಗಣಿ ಹೊತ್ತು ಬರುವಷ್ಟರಲ್ಲಿ ದೆನ್ಸ್ಮಾ ಆಗಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಊದುತ್ತಿದ್ದಳು.

"ಮಗೂನ ಇಲ್ಲಿ ಕೊಡು, ನೀನು ಒಂಟೆ ಜೊತೆ ಹೋಗು," ಅಂದಳು ಅತ್ತೆ. "ಈ ಸಲ ಹೊಗೆ ನಾನು ಕಾಯ್ತೀನಿ."