ವಿಭೂತಿಯಿಂದ ತಿಕ್ಕಿದ ನಾಣ್ಯ

ಮೇಜಿನ ಬಟ್ಟೆ ಹಸಿರಿತ್ತೋ ನೀಲಿಯಿತ್ತೋ, ನನ್ನ ನೆನಪನ್ನು ನಾನೇ ನಂಬಲಾರೆ. ಓಕ್ ಬ್ರೂಕ್‌ನ ನಾಣ್ಯ ಮೇಳದಲ್ಲಿ ಚಿಕ್ಕಮ್ಮ, ತೀರಿಕೊಂಡ ಚಿಕ್ಕಪ್ಪನ ಪ್ರೀತಿಯ ಬೆಳ್ಳಿ ನಾಣ್ಯವನ್ನು ವ್ಯಾಪಾರಿಗೆ ತೋರಿಸಿದರು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ್ದು, ಎಲೆಯಷ್ಟು ತೆಳು.

"ಯಾರೋ ಇದನ್ನು ತಿಕ್ಕಿ ಬೆಲೆ ಕಳೆದಿದ್ದಾರೆ," ಎಂದ ವ್ಯಾಪಾರಿ, ಪಕ್ಕದಲ್ಲಿ ತನ್ನದೊಂದು ಕಪ್ಪು ನಾಣ್ಯವನ್ನಿಟ್ಟ. ಆ ಕಪ್ಪಿನಲ್ಲಿ ರಾಜನ ಕಣ್ಣೂ ಕಾಣುತ್ತಿತ್ತು. ನಮ್ಮದರಲ್ಲಿ ಮುಖವೇ ಇಲ್ಲ, ಬರೀ ಹೊಳಪು.

"ಲಕ್ಷ್ಮೀ ಪೂಜೆಗೆ ಕಪ್ಪು ಬೆಳ್ಳಿ ಇಡಕ್ಕಾಗತ್ತೇನೇ?" ಎಂದು ಚಿಕ್ಕಮ್ಮ ನನ್ನತ್ತ ತಿರುಗಿದರು.

ಒಂದು ಹಬ್ಬಕ್ಕೆ ಅವರ ಮನೆಯ ಬೆಳ್ಳಿಯನ್ನೆಲ್ಲ ವಿಭೂತಿಯಿಂದ ಉಜ್ಜಿದವಳು ನಾನು. ಅದರಲ್ಲಿ ಈ ನಾಣ್ಯವಿತ್ತೇ, ನೆನಪಿಲ್ಲ. ಕಾರಿನಲ್ಲಿ ಎರಡು ಸಲ ಕೇಳಿದೆ. ಹೆದ್ದಾರಿಯಿಂದ ಮನೆ ಕಡೆ ತಿರುಗುವ ನೇಪರ್‌ವಿಲ್ ಎಕ್ಸಿಟ್‌ನಲ್ಲಿ ಮತ್ತೆ ಕೇಳಿದೆ.

"ಚಿಕ್ಕಮ್ಮ, ಅದನ್ನ ತಿಕ್ಕಿದ್ದು ನಾನಾ, ನೀವಾ?"