ಬೂಟು, ಬರಿಗಾಲು, ಥ್ಯಾಂಕ್ಸು

ಬೆಳಗಿನ ಐದೂವರೆ. ದೊಡ್ಡಾಸ್ಪತ್ರೆಯ ಎದುರಿಗಿರುವ ಮೂರಂತಸ್ತಿನ ವಸತಿಗೃಹದಲ್ಲಿ ಎಲ್ಲರಿಗಿಂತ ಮೊದಲು ಬಿಸಿಯಾಗುವುದು ಇಸ್ತ್ರಿಪೆಟ್ಟಿಗೆ. ಎರಡನೇ ಮಹಡಿಯ ಮೂಲೆಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ದಿಂಬಿನ ಚೀಲ ಕೊಡವಿ, ನೀರು ಚಿಮುಕಿಸಿ, ಅಂಚಿನಿಂದ ಅಂಚಿಗೆ ತೀಡುತ್ತಿದ್ದಾರೆ. ಬಾಗಿಲಾಚೆ ಯಾರೋ ಸದ್ದಾಗದಂತೆ ಆಸ್ಪತ್ರೆಗೆ ಹೊರಟಿದ್ದಾರೆ. ಇವರು ತಲೆ ಎತ್ತದೆಯೇ, "ಫ್ಲಾಸ್ಕಿಗೆ ಬಿಸಿನೀರು ತುಂಬಿಟ್ಟಿದೀನಿ, ಮರೀಬೇಡಿ" ಅನ್ನುತ್ತಾರೆ. "ಥ್ಯಾಂಕ್ಸ್ ಅಕ್ಕಾ" ಎಂಬ ಮಾತು ಮೆಟ್ಟಿಲಿಳಿದು ಹೋಗುತ್ತದೆ.

ಇಲ್ಲಿ ಎಲ್ಲರಿಗೂ ಅವರು ಅಕ್ಕ. ದಿನಕ್ಕೆ ಹದಿನಾಲ್ಕು ಕೋಣೆ, ಇಪ್ಪತ್ತೆಂಟು ಹಾಸುಬಟ್ಟೆ, ಲಿಫ್ಟಿಲ್ಲದ ಕಟ್ಟಡದಲ್ಲಿ ಲೆಕ್ಕವಿಡಲಾಗದಷ್ಟು ಮೆಟ್ಟಿಲು. ಮೂಟೆ ಹೊರುತ್ತಿದ್ದ ಗಂಡ ಬೆನ್ನು ಮುರಿದುಕೊಂಡಾಗ ಆರು ತಿಂಗಳ ಮಟ್ಟಿಗೆಂದು ಸೇರಿದ ಕೆಲಸ. ಈಗ ಹತ್ತೊಂಬತ್ತು ವರ್ಷ. "ಅವರ ಬೆನ್ನು ನೆಟ್ಟಗಾಯ್ತು, ನನ್ನ ಮಂಡಿ ಕೆಟ್ಟೋಯ್ತು. ಸಂಸಾರ ಅಂದ್ಮೇಲೆ ಪಾಳಿ ಪ್ರಕಾರ" ಎಂದು ನಗುತ್ತಾರೆ.

ತಂಗುವವರು ರೋಗಿಗಳ ಕಡೆಯವರು, ಬೇರೆ ಬೇರೆ ದೇಶದವರು. ಹೊರಡುವಾಗ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ದಿಂಬಿನಡಿ ಇಟ್ಟುಹೋಗುತ್ತಾರೆ. ಏಳನೇ ತರಗತಿಗೇ ಶಾಲೆ ಬಿಟ್ಟ ಅಕ್ಕ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ತೊಡಕಾದರೆ ಚಿಕ್ಕಮಕ್ಕಳಿಗೆ ಪಾಠ ಹೇಳುವ ಸೊಸೆ ಬಿಡಿಸಿ ಹೇಳುತ್ತಾಳೆ. ಚೀಟಿಗಳನ್ನೆಲ್ಲ ಅಂಟಿಸಿದ ನೋಟುಬುಕ್ಕಿನಲ್ಲಿ ಎರಡು ಭಾಗ.

"ಈ ಕಡೆ ಬೂಟು ಹಾಕ್ಕೊಂಡು ಹೇಳೋ ಥ್ಯಾಂಕ್ಸು, ಆ ಕಡೆ ಬರಿಗಾಲಲ್ಲಿ ಹೇಳೋ ಥ್ಯಾಂಕ್ಸು. ಚಿಯರ್ಸ್, ಥ್ಯಾಂಕ್ಸ್ ಎ ಲಾಟ್, ಇವೆಲ್ಲ ಸಲಿಗೆ ಮಾತು, ಬರಿಗಾಲು. 'ಐ ಆಮ್ ಡೀಪ್ಲಿ ಗ್ರೇಟ್‌ಫುಲ್' ಅಂದ್ರೆ ಬೂಟು. ಪಾಲಿಶ್ ಬೇರೆ ಹಾಕಿರ್ತಾರೆ."

"ಬರೀ ಥ್ಯಾಂಕ್ಯೂ ಅಂದ್ರೆ?" ಬಕೆಟ್ಟು ಹಿಡಿದು ಬಂದ ಕಾವಲುಗಾರ ಕೆಣಕುತ್ತಾನೆ.

"ಅದು ಕಾಲುಚೀಲ ಕಣಪ್ಪ. ಎರಡಕ್ಕೂ ನಡಿಯುತ್ತೆ. ನೀನು ಅದನ್ನಾದ್ರೂ ಹೇಳೋದು ಕಲಿ."

ಈ ವಿಂಗಡಣೆಯನ್ನು ಅವರಿಗೆ ಕಲಿಸಿದ್ದು ಅವರದೇ ಒಂದು ತಪ್ಪು. ಹದಿನಾಲ್ಕು ತಿಂಗಳ ಹಿಂದೆ ಹೊರದೇಶದ ಮೇಷ್ಟರೊಬ್ಬರ ಹೆಂಡತಿ ಮೂರು ವಾರ ಇಲ್ಲಿದ್ದರು. ಎದುರಿನ ಆಸ್ಪತ್ರೆಯಲ್ಲಿ ಮೇಷ್ಟರು ಉಳಿಯಲಿಲ್ಲ. ಹೊರಡುವ ದಿನ ಆಕೆ ಬಾಗಿಲಲ್ಲಿ ನಿಂತು, ಒಂದೊಂದೇ ಮಾತನ್ನು ಅಳೆದು, ಕೊನೆಯ ದಿನಗಳಲ್ಲಿ ತೋರಿದ ಅಕ್ಕರೆಗೆ ತಾವು ಎಂದೆಂದಿಗೂ ಕೃತಜ್ಞರು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಕ್ಕ ಪೊರಕೆಯನ್ನು ಗೋಡೆಗೊರಗಿಸಿದರು. ಏನಾದರೂ ಇಂಗ್ಲಿಷಿನಲ್ಲೇ ಹೇಳಬೇಕಲ್ಲ! ಹಿಂದಿನ ವಾರ ನಗುಮೊಗದ ಹುಡುಗಿಯೊಬ್ಬಳಿಂದ ಕಲಿತ ಮಾತು ನಾಲಿಗೆಗೆ ಬಂತು. "ಎನಿಟೈಮ್!" ಅಂದುಬಿಟ್ಟರು.

ಆ ಸಂಜೆ ಹೆಮ್ಮೆಯಿಂದ ಮನೆಯಲ್ಲಿ ಹೇಳಿದಾಗ ಸೊಸೆ ತಟ್ಟೆ ಕೆಳಗಿಟ್ಟಳು. "ಅಯ್ಯೋ ಅತ್ತೆ! ಅದು 'ಅದಕ್ಕೇನಂತೆ, ಯಾವಾಗ ಬೇಕಾದ್ರೂ ಮಾಡಿಕೊಡ್ತೀನಿ' ಅಂದ ಹಾಗೆ. ಪೆನ್ನು ಕೊಟ್ಟವರು ಹೇಳೋ ಮಾತು. ಗಂಡನ್ನ ಕಳ್ಕೊಂಡವರಿಗೆ ಹೇಳೋದಾ?"

ಅಕ್ಕ ಅರ್ಧ ಊಟಕ್ಕೇ ಕೈ ತೊಳೆದರು. "ಇನ್ನೊಂದ್ಸಲ ಸಾಯಿಸೋಕೆ ಕರ್ಕೊಂಡ್ಬನ್ನಿ ಅಂದ ಹಾಗಾಯ್ತಲ್ಲ. ಮಾತು ಆಡಿದ್ರೆ ಹೋಯ್ತು ಅಂತಾರೆ, ಹೋಗ್ಲಿಲ್ಲ. ದಿನಾ ಆ ಕೋಣೆ ಗುಡಿಸೋವಾಗ ಅಲ್ಲೇ ಕೂತಿರ್ತಿತ್ತು."

ವರ್ಷ ಕಳೆದರೂ ಹೋಗದಿದ್ದಾಗ ಕ್ಷಮಾಪಣೆಯ ಪತ್ರ ಬರೆಯಲು ಕೂತರು. ನಾಲ್ಕು ಸಲ ಹರಿದರು. ಮೊದಲನೆಯದನ್ನು ಓದಿದ ಸೊಸೆ, "ಅತ್ತೆ, ಇದು ಕೋರ್ಟಿಗೆ ಹಾಕೋ ಅರ್ಜಿ" ಅಂದಳು. ಮೂರನೆಯದು ರಜಾಚೀಟಿಯಂತಿತ್ತು. ಕೊನೆಗೆ ಉಳಿದದ್ದು ಮೂರೇ ಸಾಲು: ನನಗೆ ನಿಮ್ಮ ಭಾಷೆ ಸರಿಯಾಗಿ ಬರುವುದಿಲ್ಲ. ಬಾಗಿಲಲ್ಲಿ ತಪ್ಪು ಮಾತಾಡಿದೆ. ನನಗೂ ದುಃಖವಾಗಿತ್ತು. ವಿಳಾಸವನ್ನು ಕಚೇರಿಯ ದಾಖಲೆಯಿಂದ ತೆಗೆಸಿಕೊಂಡು ಅಂಚೆಗೆ ಹಾಕಿದರು.

ಎರಡು ತಿಂಗಳು ಸುದ್ದಿಯಿಲ್ಲ. ಅಂಚೆಯವನು ಬಂದಾಗಲೆಲ್ಲ ಅಕ್ಕ ಮೆಟ್ಟಿಲು ಗುಡಿಸುವ ನೆಪದಲ್ಲಿ ಇಳಿಯುತ್ತಿದ್ದರು. "ನೋವನ್ನ ಮತ್ತೆ ಕೆದಕಿದ್ನೇನೋ ಅಂತ ಅದೊಂದು ಹೊಸ ಭಯ."

ಕಳೆದ ವಾರ ಉತ್ತರ ಬಂದಿದೆ. ಏಪ್ರನ್ನಿಗೆ ಎರಡೆರಡು ಸಲ ಕೈ ಒರೆಸಿಕೊಂಡು ಬಿಡಿಸಿ ತೋರಿಸುತ್ತಾರೆ. ಬಾಗಿಲಲ್ಲಿ ನೀವು ಏನಂದಿರೋ ನನಗೆ ನೆನಪೇ ಇಲ್ಲ ಎಂದಿದ್ದಾರೆ ಮೇಷ್ಟರ ಹೆಂಡತಿ. ನೆನಪಿರುವುದು ಮೇಷ್ಟರು ತೀರಿಕೊಂಡ ಬೆಳಿಗ್ಗೆ ಆಸ್ಪತ್ರೆಯವರು ಅವರಿಗೆ ತೊಡಿಸಲು ಅಂಗಿ ಕೇಳಿದ್ದು, ಗಾಬರಿಯಲ್ಲಿ ಪೆಟ್ಟಿಗೆ ತೆರೆದರೆ ಎಲ್ಲ ಅಂಗಿ ಮುದುರಿದ್ದದ್ದು. ತಾವು ಕೇಳುವ ಮೊದಲೇ ಅಕ್ಕನ ಕೈ ನೀಲಿ ಅಂಗಿಯನ್ನು ತೆಗೆದುಕೊಂಡು ಹೋಗಿ, ಕಾಲರು ಕೂಡ ನೆಟ್ಟಗಾಗುವಂತೆ ಇಸ್ತ್ರಿ ಮಾಡಿ ತಂದುಕೊಟ್ಟಿತ್ತು. ಪತ್ರದ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ: ಮುಂದಿನ ತಿಂಗಳು ತಮ್ಮದೇ ಕಣ್ಣಿನ ಆಪರೇಷನ್ನಿಗೆ ಬರುತ್ತಿದ್ದಾರೆ, ಅಕ್ಕನ ಮಹಡಿಯಲ್ಲೇ ಕೋಣೆ ಬೇಕಂತೆ.

ಅಕ್ಕ ಆಗಲೇ ಬೇರೆಯದೊಂದು ಕೋಣೆ ಆರಿಸಿದ್ದಾರೆ. ಕಿಟಕಿಯಿಂದ ಆಸ್ಪತ್ರೆ ಕಾಣುವುದಿಲ್ಲ. ಪಕ್ಕದ ಶಾಲೆಯ ಅಂಗಳ ಕಾಣುತ್ತದೆ.

"ಈ ಸಲ ಬಾಗಿಲಲ್ಲಿ ಏನಂತೀರಿ ಅತ್ತೆ? ಈಗ್ಲೇ ಹೇಳಿ, ತಿದ್ದಿಬಿಡ್ತೀನಿ" ಎಂದು, ಶಾಲೆಗೆ ಹೋಗುವ ದಾರಿಯಲ್ಲಿ ಬುತ್ತಿ ಕೊಡಲು ಬಂದ ಸೊಸೆ ತಮಾಷೆ ಮಾಡುತ್ತಾಳೆ.

"ಏನೂ ಅನ್ನಲ್ಲ ಕಣೇ" ಎನ್ನುತ್ತಾರೆ ಅಕ್ಕ, ಮುಂದಿನ ದಿಂಬಿನ ಚೀಲ ಕೈಗೆತ್ತಿಕೊಳ್ಳುತ್ತ. "ಮೊದ್ಲು ಅವರ ಕೈಲಿರೋ ಬ್ಯಾಗು ಇಸ್ಕೋತೀನಿ."