ಸ್ಪೇನಿನ ಹೊಲದ ಕಡಲೆ ಹುಳಿ

ನಾವೀಗಿರುವ ಡಚ್ ಊರು ಆಲ್ಮೆರೆಯಲ್ಲಿ ಹಳೆಯ ಸಾಮಾನಿನ ಲಾರಿ ಬರುವ ದಿನವೆಂದರೆ ನಮ್ಮ ಮನೆಯಲ್ಲಿ ಸಣ್ಣದೊಂದು ಯುದ್ಧ. ಮೊದಲೇ ಹೇಳಿಟ್ಟರೆ ಮುನಿಸಿಪಾಲಿಟಿಯವರು ಗೊತ್ತಾದ ದಿನ ಬಂದು ಮುರುಕು ಕುರ್ಚಿ, ಹರಕು ಹಾಸಿಗೆಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆ. ನಮ್ಮ ಮಗಳ ಪ್ರಕಾರ ಈ ಮನೆಯಲ್ಲಿ ಲಾರಿಗೆ ಹಾಕಬಾರದ್ದು ಅಂದರೆ ನಾವು ಮೂವರು ಮಾತ್ರ. ಅದರಲ್ಲೂ ಇಬ್ಬರ ಬಗ್ಗೆ ಅವಳಿಗೆ ಅನುಮಾನವಿದೆ.

ಕಳೆದ ಶನಿವಾರ ಹಿತ್ತಲಿನ ಶೆಡ್ ಖಾಲಿ ಮಾಡುತ್ತಿದ್ದೆವು. ಅವಳು ಮೂಲೆಯಿಂದ ಒಂದು ಜೊತೆ ಸೈಕಲ್ ಚೀಲ ಎಳೆದು, ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ, "ಅಮ್ಮಾ, ದಿಸ್ ಕ್ಯಾನ್ ಗೋ, ರೈಟ್?" ಅಂದಳು.

"ತಡಿ, ಒಳಗೇನಿದೆ ನೋಡ್ತೀನಿ" ಅಂದೆ.

ಒಳಗೆ ಒಣಗಿ ಕಲ್ಲಾದ ಪಂಕ್ಚರ್ ಸಲ್ಯೂಷನ್ ಟ್ಯೂಬು, ಮಡಿಕೆಗಳಲ್ಲಿ ಹರಿದ ಒಂದು ನಕ್ಷೆ, ಮತ್ತೆ ಬೆರಳುದ್ದದ ಗಾಜಿನ ಬಾಟಲಿ. ಬಾಟಲಿಯ ತಳದಲ್ಲಿ ಕಂದು ಬಣ್ಣದ ಕರೆ. ಮುಚ್ಚಳ ತೆಗೆದು ಮೂಸಿದೆ. ಇಷ್ಟು ವರ್ಷಕ್ಕೆ ಅದರಲ್ಲಿ ಯಾವ ವಾಸನೆ ಉಳಿದಿರಬೇಕು, ನೀವೇ ಹೇಳಿ? ಆದರೂ ನನ್ನ ಹಲ್ಲು ಚುಳ್ಳೆಂದಿತು, ಬಾಯಲ್ಲಿ ನೀರೂರಿತು. ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಾನು ಮದುವೆಯಾಗಿ ಮೈಸೂರಿನಿಂದ ಯುಟ್ರೆಕ್ಟಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮವರು ನವಲಗುಂದದ ಕಡೆಯವರು, ಯುಟ್ರೆಕ್ಟಿನ ಒಂದು ಐ.ಟಿ. ಕಂಪನಿಯಲ್ಲಿದ್ದರು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಅಂದರೆ ದಿನಕ್ಕೆ ನಾಲ್ಕು ಗಂಟೆ ಮಾತಾಡಲು ಸಂಬಳ ಪಡೆಯುತ್ತಿದ್ದವಳು. ಸಂಬಳವಿಲ್ಲದೆ ಇನ್ನೂ ಎಂಟು ಗಂಟೆ ಮಾತಾಡಬಲ್ಲೆ. ಅವರೋ, ಏನು ಕೇಳಿದರೂ "ಹೂಂ". ಸಾರು ಚೆನ್ನಾಗಿದೆಯಾ? ಹೂಂ. ಇವತ್ತು ಹಿಮ ಬೀಳುತ್ತಂತೆ. ಹೂಂ. ಮೌನ ಸಮ್ಮತಿ ಲಕ್ಷಣ ಅಂತಾರೆ. ಈ ಹೂಂ ಯಾವುದರ ಲಕ್ಷಣ ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಿದ್ದರು ನಮ್ಮಜ್ಜಿ. ನಮ್ಮ ಮನೆಯಲ್ಲಿ ಮಾತೇ ಇಲ್ಲದ್ದರಿಂದ ಜಗಳವೂ ಇರಲಿಲ್ಲ. ಜಗಳವಾದರೂ ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಹಾರೈಸಿದ್ದುಂಟು.

ಒಂದು ವರ್ಷ ತಡೆದೆ. ಕಾಲೇಜಿನವರು ಮತ್ತೆ ಕೆಲಸಕ್ಕೆ ಬನ್ನಿ ಅಂತ ಬರೆದಾಗ ಒಂದು ಸಂಜೆ ಧೈರ್ಯ ಮಾಡಿ ಹೇಳಿದೆ. "ರೀ, ನಾನು ಮೈಸೂರಿಗೆ ವಾಪಸ್ ಹೋಗ್ತೀನಿ. ಜುಲೈಗೆ ಟಿಕೆಟ್ ತಗೊಂಡಿದೀನಿ. ಒನ್ ವೇ."

ಒನ್ ವೇ ಅಂದದ್ದನ್ನು ಸ್ವಲ್ಪ ಒತ್ತಿಯೇ ಹೇಳಿದ್ದೆ. ಅವರು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ "ಹೂಂ" ಅಂದರು.

ಒಂದು ವಾರದ ನಂತರ ತಾವಾಗಿಯೇ ಬಾಯಿಬಿಟ್ಟರು. "ಹೋಗೂಕಿಂತ ಮುಂಚೆ ಸ್ಪೇನಿಗೆ ಹೋಗಿ ಬರೂಣೇನು? ಸೈಕಲ್ ಮ್ಯಾಲೆ." ಅವರಿಂದ ನಾನು ಅಲ್ಲಿಯವರೆಗೆ ಕೇಳಿದ್ದರಲ್ಲೇ ಅದು ದೊಡ್ಡ ಭಾಷಣ. ಬೇಡ ಅನ್ನಲಾಗಲಿಲ್ಲ. ನಿಜ ಹೇಳಬೇಕೆಂದರೆ, ಹತ್ತು ದಿನ ರಸ್ತೆಯ ಮೇಲೆ ಒಟ್ಟಿಗಿದ್ದರೆ ಏನಾದರೂ ಮಾತಾಡಿಯಾರು ಅಂತ ಆಸೆಯೂ ಇತ್ತು. ಟಿಕೆಟ್ಟನ್ನು ಪರ್ಸಿನಲ್ಲೇ ಇಟ್ಟುಕೊಂಡು ಹೊರಟೆ.

ಈಗ ನಮ್ಮ ಬುದ್ಧಿವಂತಿಕೆ ಕೇಳಿ. ನಾನು ಸೈಕಲ್ ಕಲಿತದ್ದೇ ಇಪ್ಪತ್ತಾರನೇ ವಯಸ್ಸಿಗೆ, ಯುಟ್ರೆಕ್ಟಿನ ಕಾಲುವೆಯ ಪಕ್ಕದಲ್ಲಿ, ಶಾಲೆಗೆ ಹೋಗುವ ಮಕ್ಕಳೆಲ್ಲ ನಿಂತು ನೋಡುವಂತೆ. ಅಲ್ಲಿ ಕಲಿತವರಿಗೆ ಏರು ಅಂದರೆ ಸೇತುವೆ, ಇಳಿಜಾರು ಅಂದರೆ ಅದೇ ಸೇತುವೆಯ ಆಚೆ ಬದಿ. ತರಕಾರಿ ತರುವ ನಮ್ಮ ಭಾರಿ ಸೈಕಲ್‌ಗಳನ್ನೇ, ಹಿಂದಕ್ಕೆ ತುಳಿದರೆ ನಿಲ್ಲುವಂಥವನ್ನು, ಟ್ರೈಲರಿರುವ ಬಸ್ಸಿಗೆ ಹಾಕಿ ಸ್ಪೇನಿಗೆ ಸಾಗಿಸಿದೆವು. ಚೀಲದಲ್ಲಿ ನಮ್ಮವರ ಅಕ್ಕ ಕಳಿಸಿದ್ದ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನನ್ನ ಅವಲಕ್ಕಿ. ಸಲಮಾಂಕಾದಲ್ಲಿ ಇಳಿದು ಝಮೋರಾ ಕಡೆ ಹೊರಟ ಮೊದಲ ಗಂಟೆಯಲ್ಲೇ ನನಗೆ ಗೊತ್ತಾಯಿತು, ಭೂಮಿ ಚಪ್ಪಟೆಯಾಗಿಲ್ಲ.

ಆದರೂ ಆ ಸೀಮೆಯ ಚೆಲುವನ್ನು ಇಲ್ಲವೆನ್ನಲಾರೆ. ಕಣ್ಣು ಹಾಯುವಷ್ಟು ದೂರ ಹಣ್ಣಾದ ಗೋಧಿ, ಬದುಗಳಲ್ಲಿ ಕೆಂಪು ಗಸಗಸೆ ಹೂವು, ದಿಬ್ಬ ಹತ್ತಿದರೆ ದೂರದಲ್ಲಿ ಜೇನಿನ ಬಣ್ಣದ ಕಲ್ಲಿನ ಒಂದು ಊರು. ಊರಿಗೊಂದು ಕೋಟೆಗೋಡೆ, ಎಂಟುನೂರು ವರ್ಷದ ಇಗರ್ಜಿ, ಅದರ ಗಂಟೆಗೋಪುರದ ಮೇಲೆ ಕೊಕ್ಕರೆಯ ಗೂಡು. ನಾವು ತಲುಪುತ್ತಿದ್ದದ್ದು ಮಾತ್ರ ಸರಿಯಾಗಿ ಮಧ್ಯಾಹ್ನ ಎರಡೂವರೆಗೆ. ಆಗ ಅಲ್ಲಿ ಅಂಗಡಿ, ಹೋಟೆಲು, ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಊರಿಗೆ ಊರೇ ಮಲಗಿರುತ್ತಿತ್ತು. ಕೋಟೆಬಾಗಿಲ ನೆರಳಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದೆವು. ಕಟಕಟ ಸದ್ದು ಮಾಡುತ್ತಿದ್ದದ್ದು ಎರಡೇ, ಮೇಲೆ ಕೊಕ್ಕರೆ, ಕೆಳಗೆ ನಮ್ಮ ರೊಟ್ಟಿ. ಅವರು ಮಾತಾಡುತ್ತಿರಲಿಲ್ಲ. ಏರಿನಲ್ಲಿ ಇಳಿದು ನನ್ನ ಸೈಕಲನ್ನೂ ಸೇರಿಸಿ ತಳ್ಳುತ್ತಿದ್ದರು, ಆದರೆ ಮಾತಿಲ್ಲ.

ನಾಲ್ಕನೆಯ ದಿನ ನನಗೆ ಸಾಕಾಯಿತು. ಒಂದು ಹಳ್ಳಿಯಲ್ಲಿ ಕಪ್ಪು ಬಟ್ಟೆಯ ಅಜ್ಜಿಯೊಬ್ಬರು ಬಾಡಿಗೆಗೆ ಕೊಡುತ್ತಿದ್ದ ಮಹಡಿಯ ಕೋಣೆ ಸಿಕ್ಕಿತ್ತು. ಮತ್ತೊಂದು ದಿನ ಆ ಬೆನ್ನನ್ನು ನೋಡುತ್ತ ಸೈಕಲ್ ತುಳಿಯುವುದು ನನ್ನಿಂದಾಗದು ಅನ್ನಿಸಿತು. "ಹೊಟ್ಟೆನೋವು ರೀ, ನಾಳೆ ಬರಕ್ಕಾಗಲ್ಲ" ಅಂತ ಮಲಗಿಬಿಟ್ಟೆ. ಅಪ್ಪಟ ಸುಳ್ಳು. ಅವರು ಸ್ನಾನಕ್ಕೆ ಹೋದದ್ದೇ ತಡ, ಗಂಟು ಬಿಚ್ಚಿ ಎರಡು ಕಡಕ್ ರೊಟ್ಟಿ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಹಾಸಿಗೆಯ ಮೇಲಿನ ಚೂರುಗಳನ್ನೆಲ್ಲ ಕೊಡವಿ, ಮುಸುಕು ಹಾಕಿಕೊಂಡು ನರಳತೊಡಗಿದೆ.

ಬೆಳಗಿನ ಜಾವ ಎಚ್ಚರವಾದಾಗ ಪಕ್ಕದಲ್ಲಿ ಅವರಿರಲಿಲ್ಲ. ಕುರ್ಚಿಯ ಮೇಲೆ ಒಣಹಾಕಿದ್ದ ಅವರ ಬಿಳಿ ಪಂಚೆಯೂ ಇರಲಿಲ್ಲ. ಕಿಟಕಿ ತೆರೆದೆ. ಎತ್ತರದ ಸೀಮೆಯಾದ್ದರಿಂದ ಬೇಸಿಗೆಯಲ್ಲೂ ನಸುಕಿನ ಗಾಳಿ ಕೊರೆಯುತ್ತಿತ್ತು. ಮನೆಯ ಹಿಂದೆಯೇ ಹೊಲ, ಮೊಣಕಾಲುದ್ದದ ಹಸಿರು ಬೆಳೆ. ಅದರ ನಡುವೆ ನಮ್ಮವರು ಬಗ್ಗಿಕೊಂಡು, ಪಂಚೆಯನ್ನು ಗಿಡಗಳ ತುದಿಗೆ ತಾಗುವಂತೆ ಮೆಲ್ಲಗೆ ಎಳೆಯುತ್ತಿದ್ದರು. ಸ್ವಲ್ಪ ದೂರ ಎಳೆದು, ತುದಿಯನ್ನು ಮುದುರಿ ಹಿಂಡಿ, ಪುಟ್ಟ ಬಾಟಲಿಗೆ ಹನಿಸುತ್ತಿದ್ದರು. ಈ ಮನುಷ್ಯನಿಗೆ ತಲೆ ಕೆಟ್ಟಿದೆ, ಅದಕ್ಕೇ ಮಾತಾಡುವುದಿಲ್ಲ ಅಂತ ನನಗೆ ಗಟ್ಟಿಯಾಯಿತು.

ಅಷ್ಟರಲ್ಲಿ ಹೊಲದ ಯಜಮಾನ, ಮನೆಯೊಡತಿ ಅಜ್ಜಿಯ ತಮ್ಮನೇ ಅಂತ ಆಮೇಲೆ ತಿಳಿಯಿತು, ಕೋಲು ಹಿಡಿದು ನಾಯಿಯ ಜೊತೆ ಕೂಗಾಡುತ್ತ ಬಂದ. ಅವನ ಹೊಲದಲ್ಲಿ ಯಾರೋ ಕಪ್ಪು ಗಡ್ಡದ ಪರದೇಶಿ ಬಟ್ಟೆ ಎಳೆದಾಡುತ್ತಿದ್ದರೆ ಅವನಾದರೂ ಏನು ತಿಳಿಯಬೇಕು? ನಮ್ಮವರಿಗೆ ಸ್ಪ್ಯಾನಿಷ್ ಬಾರದು. ಅವರು ನಮ್ಮ ಕಿಟಕಿಯತ್ತ ಕೈ ತೋರಿಸಿದರು. ತಮ್ಮ ಹೊಟ್ಟೆ ಹಿಡಿದುಕೊಂಡರು, ಮುಖ ಕಿವುಚಿದರು, ನರಳಿದರು, ಅರ್ಧ ನೆಲಕ್ಕೇ ಕುಸಿದರು. ಒಂದು ವರ್ಷದಲ್ಲಿ ನನ್ನೆದುರು ಹುಬ್ಬೂ ಎತ್ತದ ಮನುಷ್ಯ! ಆಮೇಲೆ ಬಾಟಲಿ ಮುಂದೆ ಹಿಡಿದರು. ಮುದುಕ ಬೆರಳಿಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, ಮುಖವೆಲ್ಲ ಹಿಂಡಿಕೊಂಡು, ಹೋ ಎಂದು ನಕ್ಕ. ಕೋಲನ್ನು ಬದುವಿಗೆ ಒರಗಿಸಿ, ಪಂಚೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಇಡೀ ಸಾಲು ಎಳೆದರು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ ನಾನು ಹಾಸಿಗೆಗೆ ಹಾರಿದೆ. ಬಂದದ್ದು ಮೂವರು. ಅಜ್ಜಿ ಯಾವುದೋ ಹೂವಿನ ಕಷಾಯ ತಂದು ಕುಡಿಸಿ, ಹೊಟ್ಟೆಗೆ ಆಲಿವ್ ಎಣ್ಣೆ ತಿಕ್ಕಿದರು. ಮುದುಕ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ನಮ್ಮವರು ನೀರಿಗೆ ಆ ಬಾಟಲಿಯಿಂದ ನಾಲ್ಕು ಹನಿ ಬೆರೆಸಿ ತುಟಿಗೆ ಹಿಡಿದರು. ಪಂಚೆಯಂತೆಯೇ ಅವರ ಪ್ಯಾಂಟೂ ಮೊಣಕಾಲವರೆಗೆ ತೊಯ್ದಿತ್ತು, ಬೆರಳುಗಳು ಚಳಿಗೆ ಕೆಂಪಾಗಿದ್ದವು. ಕುಡಿದೆ. ನಾಚಿಕೆಯಿಂದ ಮತ್ತೆ ಮುಸುಕು ಎಳೆದುಕೊಂಡೆ.

ಮಧ್ಯಾಹ್ನ ಊರು ಮಲಗಿದಾಗ, ಹುಷಾರಾಯಿತು ಅಂತ ಹೇಳಿ ಅವರ ಜೊತೆ ಆ ಹೊಲಕ್ಕೆ ಹೋದೆ. ಹತ್ತಿರದಿಂದ ನೋಡಿದಾಗ ತಿಳಿಯಿತು, ಅದು ಕಡಲೆ.

"ಇದಕ್ಕ ಕಡ್ಲಿ ಹುಳಿ ಅಂತೀವಿ" ಅಂದರು. "ನಸಿಕಿನ್ಯಾಗ ಇಬ್ಬನಿ ಬಿದ್ದಾಗ ಎಲಿ ಮ್ಯಾಲಿನ ಹುಳಿ ಅದರಾಗ ಇಳಿತೈತಿ, ಅರಿವಿ ಎಳದು ಹಿಂಡೂದು. ಹೊಟ್ಟಿನೋವಿಗೆ ಇದರಂಥಾದ್ದು ಇಲ್ಲ. ನಮ್ಮವ್ವ ಚಳಿಗಾಲದಾಗ ನನ್ನ ಎಬ್ಬಿಸಿಕೊಂಡು ಎರಿ ಹೊಲಕ್ಕ ಹೋಗ್ತಿದ್ದಳು. ಅರಿವಿದು ಒಂದು ತುದಿ ಆಕಿ ಹಿಡಿಯೂದು, ಒಂದು ತುದಿ ನಾ. ಅವ್ವ ಹ್ವಾದ ಮ್ಯಾಲೆ ನಮ್ಮ ಮನ್ಯಾಗ ಯಾರೂ ಹುಳಿ ಹಿಡಿಲಿಲ್ಲ."

ಅವರ ತಾಯಿ ಅವರ ಹನ್ನೆರಡನೇ ವಯಸ್ಸಿಗೇ ತೀರಿಕೊಂಡಿದ್ದರು ಅಂತ ನನಗೆ ಗೊತ್ತಿತ್ತು. ಅದರ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ. ಅಷ್ಟೆಲ್ಲ ಮಾತಾಡುವ ನಾನು! ಹೊಲದ ಬದುವಿನಲ್ಲಿ ಕೂತು ಅವರು ಒಂದು ಗಂಟೆ ಮಾತಾಡಿದರು. ಹಸಿ ಕಡಲೆ ಕಿತ್ತು ಸುಲಿದು ನನ್ನ ಕೈಗೆ ಹಾಕುತ್ತ, ಅವ್ವನ ಕಂಬಳಿಯ ವಾಸನೆ, ಅವ್ವ ಹೋದ ವರ್ಷ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡದೆ ಉಂಡೇಳುತ್ತಿದ್ದದ್ದು, ಎಲ್ಲ ಹೇಳಿದರು. ನಾನು ಕಡಲೆ ಜಗಿಯುತ್ತ ಕೇಳಿದೆ.

ಏಳುವಾಗ ಅಂದೆ, "ರೀ, ಆ ಟಿಕೆಟ್ ಡೇಟು ಮುಂದಕ್ಕೆ ಹಾಕ್ಸಕ್ಕಾಗುತ್ತಾ?"

"ಹೂಂ" ಅಂದರು.

ಎರಡು ಸಲ ಮುಂದಕ್ಕೆ ಹಾಕಿಸಿದೆವು. ಮೂರನೆಯ ಸಲ ಯಾರಿಗೂ ನೆನಪಾಗಲಿಲ್ಲ.

ಇಷ್ಟೆಲ್ಲ ಆದರೂ ಹೊಟ್ಟೆನೋವಿನ ಸುಳ್ಳನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಹೇಳೋಣವೆಂದು ಎಷ್ಟೋ ಸಲ ಬಾಯಿಗೆ ಬಂದದ್ದುಂಟು. ತೊಯ್ದ ಪಂಚೆ, ಕೆಂಪು ಬೆರಳು ನೆನಪಾಗಿ ನುಂಗಿಕೊಳ್ಳುತ್ತಿದ್ದೆ. ಶನಿವಾರ ಬಾಟಲಿ ಕೈಯಲ್ಲಿತ್ತು, ಅವರು ಎರಡು ಮಾರು ದೂರದಲ್ಲಿ ಕೂತು ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಈಗಲ್ಲದಿದ್ದರೆ ಇನ್ನಿಲ್ಲ ಅನ್ನಿಸಿತು.

"ರೀ, ಒಂದು ಹೇಳ್ಬೇಕು. ಅವತ್ತು ಸ್ಪೇನಲ್ಲಿ ನಂಗೆ ಹೊಟ್ಟೆನೋವು ಇರ್ಲಿಲ್ಲ. ಸುಳ್ಳು ಹೇಳಿದ್ದೆ."

ಅವರು ತಲೆಯೆತ್ತಲಿಲ್ಲ. "ಗೊತ್ತಿತ್ತು" ಅಂದರು.

"ಗೊತ್ತಿತ್ತಾ? ಯಾವಾಗ?"

"ಅವತ್ತ. ಜಳಕಾ ಮಾಡಿ ಬರೂದ್ರಾಗ ಎರಡು ರೊಟ್ಟಿ ಕಮ್ಮಿ ಇದ್ವು."

"ಮತ್ತೆ ಆ ಚಳೀಲಿ ಹೋಗಿ ಯಾಕ್ರೀ ಅದನ್ನ ಹಿಂಡ್ಕೊಂಡು ಬಂದ್ರಿ?"

ಪೆಡಲನ್ನು ಒಂದು ಸುತ್ತು ತಿರುಗಿಸಿ, ಚೈನು ಸರಿಯಾಗಿ ಓಡುವುದನ್ನು ನೋಡಿ, ಕೈ ಒರೆಸಿಕೊಂಡರು.

"ಹೊಟ್ಟಿದು ಅಲ್ಲಂದ್ರೂ ಏನೋ ಒಂದು ನೋವಂತೂ ಇತ್ತಲ್ಲ ನಿನಗ" ಅಂದರು. "ನನಗ ಗೊತ್ತಿದ್ದ ಔಷಧ ಅದೊಂದ."

ಮಗಳು ಚೀಲಗಳನ್ನು ಹಿಡಿದು ಇನ್ನೂ ಬಾಗಿಲಲ್ಲೇ ನಿಂತಿದ್ದಳು. "ಅಮ್ಮಾ? ಕೀಪ್?"

ಇಡೀ ದಿನ ಮಾತಾಡಬಲ್ಲ ನನ್ನ ಬಾಯಿಂದ ಹೊರಟದ್ದು ಒಂದೇ.

"ಹೂಂ."